ಐದೂಕಾಲರ ಬಡಿತ

ಗೋಡೆಯಾಚೆ ಟಕಟಕ ಟಕಟಕ, ಎಂಆರ್‌ಐ ಯಂತ್ರ ಹೆದರಿ ಹಲ್ಲು ಕಡಿಯುತ್ತಿದೆ, ಹೆದರಲೇಬೇಕು, ಬರುತ್ತಿರುವವನೇನು ಸಾಮಾನ್ಯನೇ, ಎದೆಯೊಳಗಿನ ಪೇಸ್‌ಮೇಕರ್‌ಗೆ ಎರಡು ತಂತಿ ಸಿಕ್ಕಿಸಿ ಇಡೀ ಊರಿಗೆ ಮೂರು ದಿನ ಕರೆಂಟ್ ಕೊಟ್ಟವನು, ನಾಲ್ಕನೆಯ ದಿನ ಬೇಸರ ಬಂದು ತಾನೇ ಕಿತ್ತುಹಾಕಿದವನು — ಕಾಯುವ ಕೋಣೆಯಲ್ಲಿದ್ದವರಿಗೆಲ್ಲ ಇದನ್ನು ಹೇಳಿಯೂ ಆಗಿತ್ತು, ಹೆಂಡತಿ ಆಸ್ಪತ್ರೆಯ ನಿಲುವಂಗಿಯ ಬೆನ್ನಿನ ದಾರ ಬಿಗಿದು, ರೀ, ಸುಮ್ನೆ ಕೂತ್ಕೊಳ್ಳಿ, ಅಂದಿದ್ದಳು. ಬಂದದ್ದು ಕತ್ತು ನೋವಿಗೆ, ಬರೀ ಎಡಗಡೆ, ಹೇಗಾಯ್ತು ಅಂತ ಡಾಕ್ಟರು ಕೇಳಿದಾಗ ಹಗ್ಗ ಹರಿದ ಲಿಫ್ಟನ್ನು ಹನ್ನೊಂದು ಜನರ ಸಮೇತ ಕತ್ತಿನ ಮೇಲೆ ಹೊತ್ತು ನಿಂತ ಕಥೆ ಹೇಳಿದ್ದ, ಮೂವತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಅಷ್ಟೂ ಹಕ್ಕಿಲ್ಲವೇ, ಯಾವಾಗ ಅಂದರು ಡಾಕ್ಟರು, ಹೋದ ತಿಂಗಳು ಅಂದ ಇವನು, ರಿಟೈರಾಗಿ ಆರು ವರ್ಷ ಆಯ್ತು ಅಂದಳು ಅವಳು, ಅವಳಿಗೆ ಲೆಕ್ಕ ತಪ್ಪುವುದಿಲ್ಲ, ಹೇಗೆ ತಪ್ಪೀತು, ದಿನಾ ಸಂಜೆ ಕೆಳಮನೆಯ ವಾಚ್ ರಿಪೇರಿಯವನ ಎದುರು ಚೆಸ್ ಹಲಗೆ ಹರಡಿಕೊಂಡು ಕೂರುವವಳಿಗೆ — ಬೇಡ, ಅದು ಈಗ ಬೇಡ.

ಬೇಡ ಅಂದರೆ ಬಿಡುವುದೇ, ಬಂದೇ ಬರುತ್ತದೆ, ಅಂಗಳದ ಕಲ್ಲುಬೆಂಚು, ಹೆಂಡತಿ ಸತ್ತು ಒಂಟಿಯಾದ ಆ ಮನುಷ್ಯನ ಕಡ್ಡಿಯಂಥ ಬೆರಳು, ನೊಣದ ಕಾಲಿಗೂ ಸ್ಕ್ರೂ ಹಾಕಬಲ್ಲ ಬೆರಳು, ನಿಮ್ಮ ಈ ನಡೆ ನಂಗೆ ಹೊಳೀಲೇ ಇಲ್ಲ ನೋಡಿ ಅಂತಾನೆ, ಸೋತೂ ನಗುತ್ತಾನೆ, ಸೋತು ನಗುವವನನ್ನು ನಂಬಬಾರದು, ಅವಳೂ ನಗುತ್ತಾಳೆ, ಆ ನಗು ಮೂರು ಮಹಡಿ ಹತ್ತಿ ಬರುತ್ತದೆ, ಲಿಫ್ಟೂ ಬೇಡ ಅದಕ್ಕೆ. ಮನೆಯೊಳಗೆ ಅವಳು ಹಾಗೆ ನಕ್ಕಿದ್ದು ಒಂದೇ ಸಲ, ಇವನು ಕುರ್ಚಿಯಿಂದ ಬಿದ್ದಾಗ. ಆ ಹಲಗೆ ಮೊದಲು ಬಂದದ್ದು ಇವನ ಮುಂದೆಯೇ, ರಿಟೈರಾದ ವಾರ, ಬನ್ರೀ ಒಂದು ಆಟ ಅಂತ ಅವಳೇ ಕರೆದಿದ್ದಳು, ಎಂಟೇ ನಡೆಯಲ್ಲಿ ಸೋತ, ಬೆಳಕು ಸರಿಯಿಲ್ಲ ಅಂದ, ಕಾಯಿ ಸವೆದಿವೆ ಅಂದ, ಹಲಗೆ ಮಡಚಿಟ್ಟ, ಲೋಕದ ಚಾಂಪಿಯನ್ನರೆಲ್ಲ ತನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದರು ಅಂತಲೂ ಅಂದ, ಆಮೇಲೆ ಅವಳು ಕರೆಯಲಿಲ್ಲ.

ಪೇಸ್‌ಮೇಕರ್ ನೋಡಿಕೊಳ್ಳುವ ಮೇಡಂ ಬಂದರು, ಕನ್ನಡಕ, ಕೈಯಲ್ಲಿ ಪುಟ್ಟ ಕಂಪ್ಯೂಟರು, ಎದೆಯ ಮೇಲೆ ಸೋಪಿನಂಥದೊಂದು ಉಪಕರಣ ಇಟ್ಟರು, ತಣ್ಣಗಿದೆ. ಆ ಯಂತ್ರದ ಗಲಾಟೆಯನ್ನ ನಿಮ್ಮ ಪೇಸ್‌ಮೇಕರ್ ಎದೆಬಡಿತ ಅಂತ ತಿಳ್ಕೋಬಾರದು ಯಜಮಾನ್ರೇ, ಅದಕ್ಕೇ ಸ್ಕ್ಯಾನ್ ಮುಗಿಯೋವರೆಗೂ ಹೊರಗಿಂದು ಯಾವುದಕ್ಕೂ ಕಿವಿಗೊಡದೆ ತನ್ನ ಪಾಡಿಗೆ ಬಡಿಯೋ ಹಾಗೆ ಇಡ್ತೀವಿ — ಆಹಾ, ಹಾಗೇ ಇಟ್ಟುಬಿಡಿ ತಾಯೀ, ಸ್ಕ್ಯಾನ್ ಮುಗಿದ ಮೇಲೂ. ಅವರು ಕಂಪ್ಯೂಟರಿನ ತೆರೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಪೇಸ್‌ಮೇಕರ್ ಬರೆದಿಟ್ಟುಕೊಂಡ ದಿನದಿನದ ಬಡಿತ, ಸಾಲಾಗಿ ಮೊಳೆ ಹೊಡೆದ ಹಾಗೆ ಗೆರೆಗಳು ಎದ್ದಿವೆ. ದಿನಾ ಸಂಜೆ ಐದೂಕಾಲಿಗೆ ಏನ್ಮಾಡ್ತೀರಿ ನೀವು. ಓಡ್ತೀನಿ, ಅಂದ, ಹತ್ತು ಕಿಲೋಮೀಟರು, ಕೆಲವು ದಿನ ಹದಿನೈದು. ಮೈ ಅಲುಗಾಡಿದ್ರೂ ಇದ್ರಲ್ಲಿ ಬರುತ್ತೆ, ಅಂದರು ಮೇಡಂ, ನೀವು ಅಲುಗಾಡೇ ಇಲ್ಲ, ಬಡಿತ ಮಾತ್ರ ನೂರಾ ಮೂವತ್ತಕ್ಕೆ ಹೋಗಿದೆ, ಸುಮ್ನೆ ಕೂತಲ್ಲೇ ಹೀಗಾಗುತ್ತೆ ಅಂದ್ರೆ ಇವತ್ತು ಒಳಗೆ ಕಳಿಸೋಕಾಗಲ್ಲ, ಹೃದಯದ ಡಾಕ್ಟರಿಗೆ ತೋರಿಸ್ಬೇಕು, ಅಡ್ಮಿಟ್ ಮಾಡ್ಕೋಬಹುದು.

ಹೆಂಡತಿಯ ಕೈ ಬಂದು ಅವನ ಕೈ ಹಿಡಿಯಿತು, ಎಷ್ಟು ವರ್ಷ ಆಯಿತು ಹೀಗೆ ಹಿಡಿದು, ಬೆವರಿದೆ, ನಡುಗುತ್ತಿದೆ, ನಾಳೆಯಿಂದ ನಾನು ಕೆಳಗೆ ಹೋಗಲ್ಲ ಮೇಡಂ, ಅಂದಳು, ಇವರ ಪಕ್ಕದಲ್ಲೇ ಇರ್ತೀನಿ — ಗೆದ್ದ, ಒಂದು ಕಾಯಿಯನ್ನೂ ಮುಟ್ಟದೆ ಗೆದ್ದ, ವಾಚಿನವನು ಬೆಂಚಿನ ಮೇಲೆ ಒಬ್ಬನೇ ಕೂತು ಸೆಕೆಂಡು ಎಣಿಸಲಿ, ಬಾಯಿ ಮುಚ್ಚಿಕೊಂಡರೆ ಸಾಕು, ಅಡ್ಮಿಟ್ ಆದರೆ ಇನ್ನೂ ಒಳ್ಳೆಯದು, ಪಕ್ಕದ ಕುರ್ಚಿಯಲ್ಲಿ ಅವಳು, ಹಗಲೂ ರಾತ್ರಿ ಅವಳು, ಹೀಗೇ ನಡುಗುತ್ತಾ, ಹೀಗೇ — ಅಷ್ಟೊಂದು ನಡುಗಬೇಕೇ ಇವಳು. ಮೇಡಂ ಬೆರಳಿಟ್ಟು ತೋರಿಸಿದರು, ಇಲ್ಲಿ ಮಾತ್ರ ನಾಲ್ಕು ದಿನ ಏನೂ ಇಲ್ಲ, ಹನ್ನೆರಡರಿಂದ ಹದಿನೈದನೇ ತಾರೀಕು, ಅವತ್ತು ಏನಾದ್ರೂ ಬೇರೆ ಮಾತ್ರೆ ತಗೊಂಡಿದ್ರಾ. ಹೆಂಡತಿ ತೆರೆ ನೋಡಿದಳು, ತುಟಿಯಲ್ಲೇ ದಿನ ಎಣಿಸಿದಳು, ಆ ನಾಲ್ಕು ದಿನ ಕೆಳಮನೆಯವರು ಮಗಳ ಮನೆಗೆ ಹೋಗಿದ್ರು, ಅಂದಳು, ಮೇಡಂಗಲ್ಲ, ಯಾರಿಗೂ ಅಲ್ಲ. ಕೈ ಮೆಲ್ಲಗೆ ಬಿಟ್ಟಿತು.

ಕಿಟಕೀಲಿ ಕೂತಿರ್ತೀನಿ, ಅಂದ, ದನಿ ತನ್ನದಲ್ಲವೆನ್ನುವಷ್ಟು ಸಣ್ಣಗಿತ್ತು, ನೀನು ಕೆಳಗಿಳಿದ ಕೂಡ್ಲೇ ಹೋಗಿ ಕೂತ್ಕೋತೀನಿ, ಬೆಂಚು ಎಡಗಡೆ ಮೂಲೇಲಿದೆಯಲ್ಲ, ಕತ್ತು ಅಷ್ಟು ತಿರುಗಿಸಿದ್ರೇನೇ ಕಾಣೋದು, ಯಾವ ಲಿಫ್ಟೂ ಹೊತ್ತಿಲ್ಲ ಮೇಡಂ, ಎದೆಗೂ ಏನೂ ಆಗಿಲ್ಲ, ಅವಳು ನಗ್ತಾಳೆ, ನಂಗೆ ಹೀಗಾಗುತ್ತೆ, ಅಷ್ಟೇ. ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು, ಹೆಂಡತಿ ಏನಾದರೂ ಅನ್ನಲಿ, ಬೈಯಲಿ, ನಗಲಿ ಬೇಕಾದರೆ, ಅವಳ ಕಣ್ಣು ತೆರೆಯಿಂದ ಕದಲುತ್ತಿಲ್ಲ, ಮೊಳೆ, ಮೊಳೆ, ಮೊಳೆ, ನಡುವೆ ನಾಲ್ಕು ದಿನ ಖಾಲಿ, ಮತ್ತೆ ಮೊಳೆ, ನಡುವೆ ನಾಲ್ಕು ದಿನ, ಖಾಲಿ —