ಹೊಟ್ಟು ಹಾಕಿದ ನೆಲ

ಕಟುಕರ ಮನೆಯವರೆಂದರೆ ಮಾತೆತ್ತಿದರೆ ಮಚ್ಚು ಎತ್ತುತ್ತಾರೆ ಎಂದು ಜನ ನಂಬಿಕೊಂಡಿದ್ದಾರೆ. ಶುದ್ಧ ಸುಳ್ಳು. ಬೆಳಗಿನಿಂದ ಮೂಳೆ ಕಡಿದವನಿಗೆ ಸಂಜೆ ಹೊಡೆದಾಡಲು ತ್ರಾಣ ಎಲ್ಲಿ ಉಳಿದಿರುತ್ತದೆ? ಈ ಮನೆಯ ಗಂಡಸರು ಬೀದಿನಾಯಿಗೂ ಕಲ್ಲು ಬೀಸಿದವರಲ್ಲ. ಮಗಳನ್ನು ಕೊಡುವಾಗ ಮಾತ್ರ ಅವರಿಗೊಂದು ಹಟ: ರಕ್ತ ಮುಟ್ಟದ ಕಸುಬಿನವನೇ ಆಗಬೇಕು. ಹಾಗೆ ಚಪ್ಪಲಿ ಸವೆಸಿ ಹುಡುಕಿ ತಂದ ಅಳಿಯ ಗಡಿಯಾರ ರಿಪೇರಿಯವನು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಬೆರಳು, ಬೆಣ್ಣೆಯಂಥ ಮಾತು. ಇರುವೆಗೂ ನೋವು ಮಾಡುವವನಲ್ಲ ಎಂದು ಬೀದಿಗೆ ಬೀದಿಯೇ ಸರ್ಟಿಫಿಕೇಟ್ ಕೊಟ್ಟಿತು. ಇರುವೆಗೆ ಮಾಡಲಿಲ್ಲ, ನಿಜ. ಹೆಂಡತಿಯ ಬೆರಳುಗಳನ್ನು ಬಾಗಿಲಿನ ಸಂದಿಯಲ್ಲಿಟ್ಟು ಬಾಗಿಲು ಜಡಿದ.

ಅವಳಿಗೆ ಮನೆಯಲ್ಲಿ ಕಡ್ಡಿ ಎಂದೇ ಹೆಸರು. ಹುಟ್ಟಾ ಸಣಕಲಿ, ಮಾತೂ ಕಡ್ಡಿ ಮುರಿದ ಹಾಗೆ. ಬೆರಳಿಗೆ ಪಟ್ಟಿ ಸುತ್ತಿಕೊಂಡು ಮೊದಲ ಸಲ ತವರಿಗೆ ಬಂದಾಗ ಅಪ್ಪ ವಾರ ಇಟ್ಟುಕೊಂಡು, ಬುದ್ಧಿ ಹೇಳಿ, ತಾನೇ ಬಸ್ಸು ಹತ್ತಿಸಿ ಬಂದ. ಎರಡನೆಯ ಸಲ ಕಪಾಳಕ್ಕೆ ಬಿದ್ದ ಏಟಿಗೆ ಕಿವಿಯಿಂದ ರಕ್ತ ಸೋರುತ್ತಿತ್ತು. ಆಗಲೂ ಅದೇ ಬುದ್ಧಿಮಾತು, ಅದೇ ಬಸ್ಸು. ಈಗ ಮೂರನೆಯ ಸಲ. ಪಕ್ಕೆಲುಬು ಬಿರುಕು ಬಿಟ್ಟಿತ್ತು, ಉಸಿರೆಳೆದರೆ ಕಣ್ಣಲ್ಲಿ ನೀರು.

"ಭಾನುವಾರ ಅಳಿಯ ಬರ್ತಾನಂತೆ, ಫೋನ್ ಮಾಡಿದ್ದ. ಪಾಪ, ಅವನೇ ಅತ್ತ ಕಣೇ," ಅಂದ ಅಪ್ಪ.

"ಹೊಡೆದು ಕೈ ನೋವಾಗಿರಬೇಕು," ಅಂದಳು ಕಡ್ಡಿ.

ಮೂಲೆಯ ಮಂಚದಿಂದ ಅಜ್ಜಿಯ ರಾಗ ಶುರುವಾಯಿತು. ಅಜ್ಜಿ ಅಂದರೆ ಅಪ್ಪನ ತಾಯಿ. ಹಲ್ಲು ಹೋದರೂ ಗಂಟಲು ಹೋಗಿರಲಿಲ್ಲ. "ನಮ್ಮಮ್ಮನ್ನ ನೋಡಿ ಕಲೀರೇ. ಭೂಮಿತೂಕದ ಹೆಂಗಸು. ಎಷ್ಟು ತಾಳಿಕೊಂಡ್ಲು, ಒಂದಿನ ತುಟಿ ಬಿಚ್ಚಿದ್ಲಾ?"

ಈ 'ನಮ್ಮಮ್ಮ' ಕಡ್ಡಿಗೆ ಮುತ್ತಜ್ಜಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅವಳ ಫೋಟೋ ತೂಗುತ್ತಿತ್ತು. ಮನೆಯವರೆಲ್ಲರ ಬಾಯಲ್ಲಿದ್ದ ಕಥೆ ಇಷ್ಟು: ಕಳ್ಳರು ಅಂಗಡಿಗೆ ನುಗ್ಗಿ ಅವಳ ಗಂಡನನ್ನು ಕೊಂದರು, ಎಳೆಯ ವಯಸ್ಸಿಗೆ ವಿಧವೆಯಾದವಳು ಮಡಿಲಲ್ಲಿದ್ದ ಒಬ್ಬಳೇ ಮಗಳಿಗಾಗಿ, ಅಲ್ಲಿಯವರೆಗೆ ಮುಟ್ಟಿಯೂ ನೋಡದಿದ್ದ ಕತ್ತಿ ಹಿಡಿದಳು, ಅಂಗಡಿ ಉಳಿಸಿದಳು. ತಾಳಿದವಳು ಬಾಳಿಯಾಳು ಎಂಬುದಕ್ಕೆ ಈ ಮನೆಯಲ್ಲಿ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೂರು ತಲೆಮಾರಿನ ಹೆಣ್ಣುಮಕ್ಕಳ ಬಾಯಿಗೆ ಆ ಫೋಟೋವನ್ನೇ ಬೀಗ ಮಾಡಿ ಜಡಿದಿದ್ದರು.

ಅಣ್ಣ ಆಗ ಅಂಗಡಿಗೆ ಟೈಲ್ಸ್ ಹಾಕಿಸುತ್ತಿದ್ದ. ಫೋಟೋದ ಕೆಳಗೆ ಮುತ್ತಜ್ಜಿಯ ಜೀವನ ಚರಿತ್ರೆ ಬರೆಸಬೇಕೆಂದು ಅವನಿಗೊಂದು ಹುಚ್ಚು ಹತ್ತಿತು. "ಸುಮ್ನೆ ಕೂತಿದ್ದೀಯಲ್ಲ, ನೀಟಾಗಿ ಬರ್ಕೊಡು. ಹುಟ್ಟಿದ್ದು, ಮದುವೆ, ತಾರೀಖು ಎಲ್ಲಾ ಇರ್ಲಿ. ಗಿರಾಕಿಗಳು ಓದ್ಲಿ," ಅಂದ. ಪಕ್ಕೆ ಹಿಡಿದುಕೊಂಡು ಗೋಡೆ ನೋಡುತ್ತ ಕೂರುವುದಕ್ಕಿಂತ ವಾಸಿ ಎಂದು ಕಡ್ಡಿ ಒಪ್ಪಿದಳು.

ಮನೆಯಲ್ಲಿ ಸಿಕ್ಕಿದ್ದು ಕಡಿಮೆ. ಗಂಡ ಸತ್ತ ಮೇಲೆ ಮುತ್ತಜ್ಜಿಯ ಹೆಸರಿಗಾದ ಅಂಗಡಿ ಲೈಸೆನ್ಸು, ಒಂದು ಮದುವೆ ಫೋಟೋ. ಫೋಟೋದಲ್ಲಿ ಮುತ್ತಾತನ ಕೈ ಹೆಂಡತಿಯ ಹೆಗಲ ಮೇಲಿತ್ತು, ಅವಳ ಹೆಗಲು ಆ ಕಡೆ ಕುಸಿದಿತ್ತು. ತಾರೀಖು ಬೇಕೆಂದು ಜನನ ಮರಣ ಕಚೇರಿಗೆ ಹೋದಳು. ಅಲ್ಲಿ ಮುತ್ತಾತನ ಸಾವಿನ ಮುಂದೆ 'ಕೊಲೆ' ಎಂದಿತ್ತು, ಪಕ್ಕದಲ್ಲಿ ಕೇಸಿನ ನಂಬರು. ಆ ನಂಬರು ಹಿಡಿದು ಕೋರ್ಟಿನ ಹಳೇ ಕಡತಗಳ ಕೋಣೆಗೆ ಹೋದಳು. ಗುಮಾಸ್ತ ಆಕಳಿಸುತ್ತ ಕಟ್ಟು ಬಿಚ್ಚಿ, ಧೂಳು ಕೊಡವಿ, ಸೀನಿ, ನಕಲು ತೆಗೆದುಕೊಟ್ಟ. "ಯಾರಮ್ಮ, ನಿಮ್ಮೋರಾ? ಕೇಸು ಮುಚ್ಚಿಬಿಟ್ಟಿದ್ದಾರೆ, ಆರೋಪಿ ಪತ್ತೆ ಇಲ್ಲ ಅಂತ."

ಕಚೇರಿಯ ಮೆಟ್ಟಿಲ ಮೇಲೆ ಕೂತೇ ಓದಿದಳು. 'ಮೃತನ ಕುತ್ತಿಗೆಯ ಎಡಭಾಗದಲ್ಲಿ ಒಂದೇ ಗಾಯ. ಮೂಳೆಗೆ ಆಯುಧ ತಾಗಿಲ್ಲ. ತಲೆ ಮೋರಿಯ ಕಡೆಗಿದೆ. ನೆಲವನ್ನು ತೊಳೆದು, ಒದ್ದೆಯ ಮೇಲೆ ಹೊಸ ಮರದ ಹೊಟ್ಟನ್ನು ಹರಡಲಾಗಿದೆ.'

ಬೇರೆ ಯಾರಾದರೂ ಆಗಿದ್ದರೆ ಪುಟ ತಿರುವಿ ಮುಂದೆ ಹೋಗುತ್ತಿದ್ದರು. ಕಟುಕನ ಮಗಳು ಹೋಗಲಿಲ್ಲ. ಕಳ್ಳ ತಿವಿದರೆ ಹತ್ತು ಕಡೆ ತಿವಿಯುತ್ತಾನೆ. ಮೂಳೆ ತಾಗದ ಹಾಗೆ ಒಂದೇ ಏಟಿಗೆ ಮುಗಿಸುವುದು ಕಡಿಯುವುದನ್ನು ವರ್ಷಗಟ್ಟಲೆ ಕಂಡವರ ಕೈಗೆ ಮಾತ್ರ ಬರುತ್ತದೆ. ತಲೆಯನ್ನು ಮೋರಿಯ ಕಡೆ ತಿರುಗಿಸುವುದು ರಕ್ತ ಇಳಿದುಹೋಗಲೆಂದು. ಕೆಲಸ ಮುಗಿದ ಮೇಲೆ ನೀರು ಹುಯ್ದು ಹೊಟ್ಟು ಹಾಕುವುದು ಅವರ ಅಂಗಡಿಯಲ್ಲಿ ಇಂದಿಗೂ ಇರುವ ಪದ್ಧತಿ, ಇಲ್ಲದಿದ್ದರೆ ಕಾಲು ಜಾರುತ್ತದೆ. ಯಾವ ಕಳ್ಳ ನೆಲ ತೊಳೆದು ಹೋಗುತ್ತಾನೆ?

ಕೆಳಗೆ ಹೇಳಿಕೆಗಳಿದ್ದವು. ನೆರೆಮನೆಯ ನಾಲ್ಕು ಹೆಂಗಸರು, ನಾಲ್ವರದೂ ಒಂದೇ ಪಾಠ: 'ಆ ಹೊತ್ತಿಗೆ ಆಕೆ ನಮ್ಮ ಜೊತೆ ಬಟ್ಟೆ ಒಗೆಯುತ್ತಿದ್ದಳು.' ಕೊನೆಯದು ಮುತ್ತಜ್ಜಿಯ ಅಪ್ಪನದು, ಅವನೂ ಕಟುಕನೇ. 'ಗಂಡ ಹೊಡೆಯುತ್ತಾನೆಂದು ನನ್ನ ಮಗಳು ಎರಡು ಸಲ ಮನೆಗೆ ಬಂದಿದ್ದಳು. ಸಂಸಾರ ಎಂದಮೇಲೆ ಇದ್ದದ್ದೇ ಎಂದು ಬುದ್ಧಿ ಹೇಳಿ ಕಳಿಸಿದೆ.'

'ಸಂಸಾರ ಎಂದಮೇಲೆ ಇದ್ದದ್ದೇ' ಎಂಬ ಮಾತನ್ನು ಕಡ್ಡಿ ಓದಬೇಕಾಗಿಯೇ ಇರಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತು ತನ್ನ ಅಪ್ಪನ ಬಾಯಿಂದಲೇ ಕೇಳಿದ್ದಳು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ.

ಮನೆಗೆ ಬಂದು ಅಜ್ಜಿಯ ಮಂಚದ ತುದಿಗೆ ಕೂತು ಓದಿ ಹೇಳಿದಳು. ಹೊಟ್ಟಿನ ಸಾಲು ಬರುತ್ತಲೇ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

"ಹೊಟ್ಟು ಹಾಕಿದ್ದು ನಾನು."

"ನೀನಾ? ನೀನಾಗ ಎಷ್ಟುದ್ದ ಇದ್ದೆ?"

"ಬುಟ್ಟಿ ಎತ್ತೋವಷ್ಟು ಇದ್ದೆ." ಅಜ್ಜಿಯ ರಾಗ ಎಲ್ಲೋ ಹೋಗಿತ್ತು, ಬರೀ ಮಾತು ಉಳಿದಿತ್ತು. "ಅವತ್ತು ಮಾಂಸ ಸರಿಯಾಗಿ ತೊಳೆದಿಲ್ಲ ಅಂತ ನಮ್ಮಪ್ಪ ಶುರುಮಾಡಿದ. ಅಮ್ಮನ ಮುಖ ಹಿಡಿದು ಮಾಂಸ ಕಡಿಯೋ ದಿಮ್ಮಿಗೆ ಜಜ್ಜಿದ. ಒಂದ್ಸಲ ಅಲ್ಲ, ಜಜ್ಜಿದ, ಜಜ್ಜಿದ. ಕಣ್ಣು ಊದಿ ಮುಚ್ಚಿಹೋಯ್ತು. ಆಮೇಲೆ ನನ್ನ ಜುಟ್ಟು ಹಿಡಿದು ಎಳ್ಕೊಂಡು ಬಂದು ನನ್ನ ಕೈ ದಿಮ್ಮಿ ಮೇಲಿಟ್ಟ. ಮಚ್ಚು ಎತ್ತಿದ. 'ನಿಂಗೆ ಬುದ್ಧಿ ಬರಲ್ಲ, ಇವಳ ಬೆರಳು ಹೋದ್ರೆ ಬರುತ್ತೆ' ಅಂದ. ಅಷ್ಟೇ. ಅಮ್ಮ ಹಿಂದಿನಿಂದ ಬಂದ್ಲು. ಅವನು ಕೂಗಲೂ ಇಲ್ಲ. ಹಲ್ಲಿ ಥರ ಬಾಯಿ ತೆರೆದು ತೆರೆದು ಮುಚ್ಚಿದ."

ಕಡ್ಡಿ ಅಜ್ಜಿಯ ಕೈ ಹಿಡಿದುಕೊಂಡಳು. ಐದು ಬೆರಳೂ ಇದ್ದವು, ಸುಕ್ಕುಗಟ್ಟಿ.

"ಅಮ್ಮ ಬಾವಿ ಹತ್ರ ಹೋಗಿ ಕೂತ್ಲು. ಎಷ್ಟು ಕರೆದ್ರೂ ಏಳ್ಲಿಲ್ಲ. ನಂಗೆ ಗೊತ್ತಿದ್ದದ್ದು ಒಂದೇ ಕೆಲಸ ಕಣೇ. ಕಡಿದಾದ್ಮೇಲೆ ನೀರು ಹುಯ್ಯಬೇಕು, ಹೊಟ್ಟು ಹಾಕಬೇಕು. ಮರೆತ್ರೆ ಅಪ್ಪ ಬಾರಿಸ್ತಿದ್ದ. ಅದಕ್ಕೇ ಹಾಕಿದೆ." ಅಜ್ಜಿ ನಗಲು ಹೋಗಿ ಅತ್ತಳು. "ಪೊಲೀಸಿನೋನು ಬಂದು ಹೊಟ್ಟು ನೋಡಿದ. ನನ್ನ ನೋಡಿದ. ಅಮ್ಮನ ಮುಖ ನೋಡಿದ. ನೋಡೋ ಹಾಗಿರಲಿಲ್ಲ ಬಿಡು ಆ ಮುಖ. ಕಳ್ಳರು ಅಂತ ಅವನೇ ಬರೆದ್ಕೊಂಡು ಹೋದ."

ಕಡ್ಡಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟೆಲ್ಲಾ ಗೊತ್ತಿದ್ದೂ ನಂಗೆ ತಾಳ್ಕೋ ತಾಳ್ಕೋ ಅಂದ್ಯಲ್ಲ ಅಜ್ಜಿ! ಎರಡು ಸಲ ನನ್ನ ಆ ಮನೆಗೆ ಅಟ್ಟುವಾಗ ನಿನ್ನ ಬಾಯಿಗೆ ಏನಾಗಿತ್ತು?"

"ನೀನೂ ಹಾಗೇ ಮಾಡಿಬಿಡ್ತೀಯ ಅಂತ ಭಯ," ಅಂದಳು ಅಜ್ಜಿ. "ನಮ್ಮಮ್ಮ ಸಾಯೋವರೆಗೂ ಬಾಗಿಲ ಕಡೆ ಮುಖ ಮಾಡಿ ಮಲಗಿದ್ಲು. ತಾಳೋದು ಕಲಿಸಿದ್ರೆ ನನ್ನ ಮೊಮ್ಮಗಳು ಕತ್ತಿ ಹಿಡಿಯಲ್ಲ ಅಂದ್ಕೊಂಡೆ."

ಎಂಥ ತರ್ಕ! ಕುದಿಯುವ ಪಾತ್ರೆ ಉಕ್ಕಬಾರದೆಂದು ಮುಚ್ಚಳದ ಮೇಲೆ ಕಲ್ಲು ಹೇರಿದ ಹಾಗೆ.

ಶನಿವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ, ಕಡ್ಡಿ ಅಂಗಡಿಯಲ್ಲಿ ಅಪ್ಪನ ಮುಂದೆ ನಿಂತು ಎಲ್ಲವನ್ನೂ ಓದಿದಳು. ಅಪ್ಪ ಚಾಕು ಮಸೆಯುತ್ತಿದ್ದ. ಗಾಯದ ವಿಷಯ ಬಂದಾಗ ಕೈ ನಿಧಾನವಾಯಿತು, ಹೊಟ್ಟಿನ ವಿಷಯಕ್ಕೆ ನಿಂತೇಹೋಯಿತು. ಅಜ್ಜಿ ಹೇಳಿದ್ದನ್ನೂ ಹೇಳಿ, ಕೊನೆಗೆ ಮುತ್ತಜ್ಜಿಯ ಅಪ್ಪನ ಹೇಳಿಕೆ ಓದಿದಳು.

"ಬುದ್ಧಿ ಹೇಳಿ ಕಳಿಸಿದೆ. ಕೇಳಿಸ್ತಾ ಅಪ್ಪ?"

ಅಪ್ಪ ಹಾಳೆಗಳನ್ನು ಕಿತ್ತುಕೊಂಡು ಪರಪರನೆ ಹರಿದು ಮೋರಿಗೆ ಎಸೆದ. ಎಂದೂ ಕೈ ಎತ್ತದ ಮನುಷ್ಯ, ಕೈ ಎತ್ತಿದ. ಮಗಳು ಮುಖ ತಿರುಗಿಸದೆ ನಿಂತಳು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದನ್ನೇ ದಿಮ್ಮಿಗೆ ಬಡಿದ.

"ಸತ್ತೋರ ಮೇಲೆ ಕೆಸರು ಎರಚಬೇಡ! ಗಡಿಯಾರದೋನಿಗೂ ಆ ಪಾಪಿಗೂ ಏನು ಸಂಬಂಧ? ಅವನಿಗೆ ಸಿಟ್ಟು ಜಾಸ್ತಿ, ಅಷ್ಟೇ. ನಾಳೆ ಹೊರಡ್ತೀಯ."

ಭಾನುವಾರ ಅಂಗಡಿ ತುಂಬ ಜನ. ಅಣ್ಣ ತೂಗುತ್ತಿದ್ದ, ಅಪ್ಪ ಕಡಿಯುತ್ತಿದ್ದ, ಕಡ್ಡಿ ಹಿಂದಿನ ಕೋಣೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಗಡಿಯಾರದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. "ಮಾವ, ಚೆನ್ನಾಗಿದ್ದೀರಾ? ಕರ್ಕೊಂಡು ಹೋಗೋಕೆ ಬಂದೆ," ಅಂದ. ಗಿರಾಕಿಗಳು ಜಾಗ ಬಿಟ್ಟರು. ಇಂಥ ಅಳಿಯನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಒಬ್ಬಾಕೆ ಪಿಸುಗುಟ್ಟಿದಳು. ಅಪ್ಪ ತಲೆಯೆತ್ತದೆ ಒಳಗಿನ ಬಾಗಿಲು ತೋರಿಸಿದ.

ಅವನು ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಮುಚ್ಚಿದ. "ಬಟ್ಟೆ ತಗೋ."

"ಬರಲ್ಲ," ಅಂದಳು ಕಡ್ಡಿ.

ಅವನ ಮುಖದ ನಗು ಹಾಗೇ ಇತ್ತು. ಜಡೆಯನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡು ಅವಳ ತಲೆಯನ್ನು ಗೋಡೆಗೆ ಅಣ್ಣ ಹಾಕಿಸಿದ್ದ ಹೊಸ ಟೈಲ್ಸಿಗೆ ಬಡಿದ. ಬಾಯಿಗೆ ಇನ್ನೊಂದು ಕೈ ಅಡ್ಡ ಇಟ್ಟು ಮತ್ತೆ ಬಡಿದ. ಟೈಲ್ಸು ಒಡೆಯಿತು. ಮೊಣಕಾಲಿನಿಂದ ನೋಯುವ ಪಕ್ಕೆಗೆ ಗುದ್ದಿದ. ಬಿರುಕು ಬಿಟ್ಟ ಮೂಳೆ ಒಳಗೆ ಲಟ್ಟೆಂದಿತು. ಕಣ್ಣು ಕತ್ತಲಿಟ್ಟಿತು. ಹಿಂದೆ ಚಾಚಿದ ಅವಳ ಕೈಗೆ, ಅಲ್ಲಿದ್ದ ಹಳೇ ದಿಮ್ಮಿಯ ಮೇಲಿನ, ಮೂಳೆ ಬಿಡಿಸುವ ಸಣ್ಣ ಚಾಕು ಸಿಕ್ಕಿತು. ಸಿಕ್ಕಿದ್ದಕ್ಕೆ ಎಂಥ ಸಂತೋಷವಾಯಿತೆಂದರೆ, ಆ ಸಂತೋಷಕ್ಕೆ ಆಮೇಲೆ ಅವಳೇ ಹೆದರಿದಳು.

ಟೈಲ್ಸು ಒಡೆದ ಸದ್ದು ಹೊರಗೆ ಕೇಳಿಸಿತ್ತು. ಅಪ್ಪ ಬಾಗಿಲು ತಳ್ಳಿದಾಗ ಕಂಡಿದ್ದು ಮಗಳ ಕೈ. ಯಾರೂ ಅವಳಿಗೆ ಕಲಿಸಿರಲಿಲ್ಲ. ಆದರೂ ಹೆಬ್ಬೆರಳು ಚಾಕುವಿನ ಬೆನ್ನಿನ ಮೇಲೆ ಇರಬೇಕಾದ ಕಡೆಯೇ ಇತ್ತು. ಮೊನೆ ಅಳಿಯನ ಕುತ್ತಿಗೆಯ ಎಡಭಾಗಕ್ಕೆ, ಮೂಳೆ ಇಲ್ಲದ ಜಾಗಕ್ಕೆ, ಗುರಿಯಾಗಿತ್ತು. ಆ ಕೈ ತಪ್ಪುವುದಿಲ್ಲ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಕೂಗಲು ಹೊತ್ತಿರಲಿಲ್ಲ. ತನ್ನ ಬಲಗೈಯನ್ನು ನಡುವೆ ತೂರಿಸಿದ.

ಚಾಕು ಮಣಿಕಟ್ಟಿನ ಮೇಲೆ ಹೊಕ್ಕು ಉದ್ದಕ್ಕೂ ಸೀಳಿಕೊಂಡು ಬಂತು. ರಕ್ತ ಚಿಮ್ಮಿ ಇಸ್ತ್ರಿ ಅಂಗಿಯ ಮೇಲೆಲ್ಲ ಬಿತ್ತು. ಗಡಿಯಾರದವನು ಅದು ತನ್ನದೇ ರಕ್ತ ಎಂದುಕೊಂಡು, "ಸತ್ತೆ, ಸತ್ತೆ!" ಎಂದು ಕುತ್ತಿಗೆ ಹಿಡಿದುಕೊಂಡು ಕಿರುಚಿದ. ಅಪ್ಪ ಎಡಗೈಯಿಂದ ಅವನ ಹಿಂಗತ್ತು ಹಿಡಿದು ಮುಖವನ್ನು ದಿಮ್ಮಿಗೆ ಅಪ್ಪಳಿಸಿದ. ಮೂಗು ಮುರಿಯಿತು. ಮತ್ತೆ ಎತ್ತಿದ. ಇನ್ನೊಂದು ಸಲ ಬಡಿದಿದ್ದರೆ ಮುಗಿದೇಹೋಗುತ್ತಿತ್ತು.

"ಅಪ್ಪಾ, ಸಾಕು! ಬಿಡು ಅವನ್ನ!" ಅಂದಳು ಕಡ್ಡಿ.

ಅಪ್ಪ ಬಿಟ್ಟ. ಅಣ್ಣ ಬಂದು ಅಳಿಯನನ್ನು ಕಾಲರು ಹಿಡಿದು ಗಿರಾಕಿಗಳ ನಡುವೆಯೇ ದರದರ ಎಳೆದು ಬೀದಿಗೆ ಬಿಸಾಡಿದ. ಸರ್ಟಿಫಿಕೇಟ್ ಕೊಟ್ಟ ಬೀದಿ ಬಾಯಿ ತೆರೆದುಕೊಂಡು ನೋಡಿತು. ಕೆಂಪಾದ ಜಡೆ ಹಿಡಿದು ಕಡ್ಡಿ ಬಾಗಿಲಿಗೆ ಬಂದು ನಿಂತಾಗ ಬೀದಿಯ ಬಾಯಿ ಮುಚ್ಚಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕಿ, ಒಳಗಿನ ನರ ತುಂಡಾಗಿದೆ, ಈ ಕೈ ಇನ್ನು ಮಚ್ಚು ಹಿಡಿಯುವುದು ಕಷ್ಟ ಅಂದರು. "ಹೇಗಾಯ್ತು?"

ಕಡ್ಡಿ ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಕೈ ಜಾರ್ತು. ನಾನೇ ಕೊಯ್ಕೊಂಡೆ," ಅಂದ.

"ಕೆಲಸ ಮಾಡೋದು ಬಲಗೈಯಲ್ಲಿ. ಬಲಗೈನೇ ಹೇಗೆ ಕೊಯ್ಕೊಂಡ್ರಿ?"

"ಎಷ್ಟು ವರ್ಷದ ಅನುಭವ ಡಾಕ್ಟ್ರೇ," ಅಂದ ಅಪ್ಪ, ಮುಖ ಅಲ್ಲಾಡಿಸದೆ.

ಡಾಕ್ಟರು ಮಗಳ ಒಡೆದ ಹಣೆ ನೋಡಿ, ಹೆಚ್ಚು ಕೇಳದೆ ಔಷಧಿ ಬರೆಯಲು ಹೋದರು. ಇಬ್ಬರೇ ಉಳಿದರು. ಅವಳ ಪಕ್ಕೆಗೆ ಬಿಗಿಯಾಗಿ ಪಟ್ಟಿ ಸುತ್ತಿದ್ದರು. ಅಪ್ಪ ಅದನ್ನೇ ನೋಡುತ್ತ ಕೂತಿದ್ದ.

"ತುಂಬಾ ನೋಯ್ತಿದೆಯೇನಮ್ಮ?" ಅಂದ.

ಅಷ್ಟು ಹೊತ್ತು ಅಳದಿದ್ದವಳು ಆಗ ಅತ್ತಳು. ಬಿಕ್ಕುವಾಗ ಪಕ್ಕೆ ಕಿತ್ತುಬರುತ್ತಿತ್ತು, ಆದರೂ ಅತ್ತಳು.

"ಮೊದಲನೇ ಸಲ ಬಂದಾಗ ಇದನ್ನ ಕೇಳಬೇಕಿತ್ತು ಅಪ್ಪ."

"ಹೌದು ಮಗಳೇ," ಅಂದ ಅಪ್ಪ. "ಕೇಳ್ಲಿಲ್ಲ. ಬಸ್ಸು ಹತ್ತಿಸಿದೆ."