ಮೆಂಬ್ರೇನಿಗೆ ಸೆಕೆಯಾಗಬಾರದು

“ಇಳಿಯೋ ಬೋಳಿಮಗನೇ! ಗುಂಡಿ ಏನ್ ನಿನ್ನ ನುಂಗಿಬಿಡುತ್ತಾ?”

ಮ್ಯಾನೇಜರು ಬೈಯುತ್ತಿದ್ದುದು ನನ್ನ ಮೈದುನನನ್ನು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಸರುಗುಂಡಿಯ ಅಂಚಿನಲ್ಲಿ ನಿಂತಿದ್ದ ಅವನು. ಹೌದು, ನುಂಗುತ್ತದೆ. ಹೋದ ವರ್ಷ ಇದೇ ಗುಂಡಿಗೆ ಇಳಿದ ನನ್ನ ಗಂಡ ಈಗ ನೀರಿನ ಲೋಟ ಎತ್ತಿದರೂ ಏದುಸಿರು ಬಿಡುತ್ತಾನೆ.

ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕಿದ ಕೊಳಕು ನೀರು ಮೊದಲು ಬರುವುದು ನಮ್ಮ ಹತ್ತಿರ. ಜಾಲರಿಗೆ ಸಿಕ್ಕ ನೂಲು, ಚಿಂದಿಯನ್ನು ನಾವು ಹೆಂಗಸರು ಬಳಿದು ತೆಗೆಯುತ್ತೇವೆ. ಸುಣ್ಣ, ಪಟಿಕ ಸುರಿಯುತ್ತೇವೆ. ಕೆಸರು ಗುಂಡಿಯ ತಳ ಸೇರುತ್ತದೆ. ಮೇಲಿನ ನೀರು ಮರಳು, ಇದ್ದಿಲು ದಾಟಿ ಆರ್.ಓ. ಮೆಂಬ್ರೇನ್ ಎಂಬ ಸೋಸುವ ಪೊರೆಗೆ ಹೋಗಿ, ಮತ್ತೆ ಬಳಸುವಷ್ಟು ಚೊಕ್ಕವಾಗುತ್ತದೆ. ಆ ಮೆಂಬ್ರೇನಿಗೆ ಒಂದೆಳೆ ನೂಲು ತಾಗಬಾರದು, ಜಿಡ್ಡು ಸೋಕಬಾರದು, ಸೆಕೆಯಂತೂ ಆಗಲೇಬಾರದು. ಗುಂಡಿಯ ವಿಷಗಾಳಿ ಓಡಿಸಲು ತಂದಿದ್ದ ಬ್ಲೋವರನ್ನೂ ಅದರ ಕೋಣೆಗೇ ಹೊತ್ತೊಯ್ದಿದ್ದರು. ಅಲ್ಲಿ ಪಂಪು ಬಿಸಿಯಾಗುತ್ತದಂತೆ. ಥೂ, ಇವರ ಯೋಗ್ಯತೆಗಿಷ್ಟು!

ಈಗ ತಳದಲ್ಲಿ ಕೆಸರಿನ ಪೈಪು ಕಟ್ಟಿಕೊಂಡಿತ್ತು. ಕೈ ಹಾಕಿ ಬಿಡಿಸಲು ಒಬ್ಬ ಇಳಿಯಬೇಕಿತ್ತು. ನಾನು ಹೋಗಿ ಹಗ್ಗ ಹಿಡಿದು ಮೈದುನನನ್ನು ಹಿಂದಕ್ಕೆ ಎಳೆದೆ.

“ಬಿಡಿ ಅತ್ತಿಗೆ, ಕೆಲಸ ಹೋಗುತ್ತೆ.”

“ಹೋದ್ರೆ ಇನ್ನೊಂದು ಹುಡುಕ್ಬಹುದು ಕಣೋ. ಉಸಿರು ಹೋದ್ರೆ ಎಲ್ಲಿ ಹುಡುಕ್ತೀಯಾ? ನಿಮ್ಮಣ್ಣನ್ನ ನೋಡ್ತಿಲ್ವಾ?”

“ಏನೇ, ಬಾಲ ಬಿಚ್ತೀಯಾ?” ಮ್ಯಾನೇಜರು ನನ್ನ ಮೇಲೇ ಬಂದ. “ಉಂಡ ಮನೆ ಗಳ ಎಣಿಸ್ತೀಯಾ?”

“ದುಡಿದು ಉಂಡಿದ್ದೀನಿ, ನಿಮ್ಮಪ್ಪನ ಮನೇದಲ್ಲ. ಬ್ಲೋವರ್ ತಂದಿಡಿ, ಇಳೀತಾನೆ.”

“ಮೆಂಬ್ರೇನ್ ಹಾಳಾದ್ರೆ ನಿಮ್ಮ ವಂಶಾನೇ ಮಾರಿದ್ರೂ ಅದರ ದುಡ್ಡು ಬರಲ್ಲ, ಗೊತ್ತೇನೇ?”

ಗೋಡೆಯ ಪಕ್ಕ ಅಡ್ಡಪೈಪಿನ ವಾಲ್ವಿತ್ತು. ಅದನ್ನು ತಿರುಗಿಸಿದರೆ ಕೊಳಕು ನೀರು ಗುಂಡಿ, ಮರಳು ಯಾವುದನ್ನೂ ಮುಟ್ಟದೆ ನೆಟ್ಟಗೆ ಮೆಂಬ್ರೇನಿಗೆ ನುಗ್ಗುತ್ತದೆ. ಹೋಗಿ ಅದರ ಚಕ್ರ ಹಿಡಿದೆ.

“ಅಮ್ಮಾ! ಬೇಡಮ್ಮಾ, ಅದನ್ನ ಮುಟ್ಬೇಡಮ್ಮಾ!”

ಇಷ್ಟು ವರ್ಷದಲ್ಲಿ ಮ್ಯಾನೇಜರ ಬಾಯಿಂದ ನಾನು ‘ಅಮ್ಮ’ ಅನ್ನಿಸಿಕೊಂಡದ್ದು ಅದೇ ಮೊದಲು.

“ಬ್ಲೋವರ್,” ಎಂದೆ.

“ಪೊಲೀಸ್ ಕರೀತೀನಿ!”

“ಕರೀರಿ. ಅವರನ್ನೂ ಒಂದ್ಸಲ ಗುಂಡಿಗೆ ಇಳಿಸೋಣ.”

ಜಾಲರಿ ಬಳಿಯುವ ಹೆಂಗಸರು ಕೈಯಲ್ಲಿದ್ದ ಕುಂಟೆಗಳ ಸಮೇತ ಬಂದು ನನ್ನ ಸುತ್ತ ನಿಂತರು. ಒಂದು ಸುತ್ತು ತಿರುಗಿಸಿದೆ. ಪೈಪು ನಡುಗಿತು. ಮ್ಯಾನೇಜರು ಮೆಂಬ್ರೇನ್ ಕೋಣೆಯ ಕಡೆ ಬಿದ್ದೆದ್ದು ಓಡಿದ.

“ಬರಿಗೈಲಿ ಬಂದ್ರೆ ಪೂರ್ತಿ ಬಿಡ್ತೀನಿ!” ಎಂದು ಕೂಗಿದೆ.

ಮೈದುನ ಸೊಂಟದ ಹಗ್ಗ ಬಿಚ್ಚಿ ಎಸೆದು ಬಂದ. ನನ್ನ ಕೈಯ ಪಕ್ಕದಲ್ಲೇ ಚಕ್ರಕ್ಕೆ ತನ್ನ ಕೈಯನ್ನೂ ಹಾಕಿದ.