ನಿದ್ದೆಯಲ್ಲ

ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಶಾಂಭವಿ ‘ಸ್ಲೀಪ್’ ಎಂದು ಬರೆದು, ಅದರ ಕೆಳಗೆ ಹತ್ತಿರದ ಅರ್ಥ ಕೊಡುವ ಪದಗಳನ್ನು ಸೇರಿಸುತ್ತಿದ್ದಳು. ಡೋಜ್, ನ್ಯಾಪ್, ಸ್ಲಂಬರ್. ಕುರುಗೋಡಿನ ಆ ಸರ್ಕಾರಿ ಶಾಲೆಗೆ ಇಂಗ್ಲಿಷ್ ಟೀಚರಾಗಿ ಬಂದು ಆರು ವರ್ಷವಾಗಿತ್ತು. ದಿನಾ ಬಳ್ಳಾರಿಯ ಪಾರ್ವತಿನಗರದಿಂದ ಬಸ್ಸಿನಲ್ಲಿ ಓಡಾಟ. ಪ್ರತಿ ಪದಕ್ಕೂ ಮಕ್ಕಳ ಬಾಯಿಂದಲೇ ಕನ್ನಡದ್ದೊಂದು ಹೊರಡಿಸಬೇಕೆಂಬುದು ಅವಳ ಹಟ.

“ಡೋಜ್ ಅಂದ್ರ ಕುಂತಲ್ಲೇ ತೂಕಡಿಸೋದು,” ಎಂದು ತಿರುಗಿದವಳಿಗೆ ಮೂರನೇ ಬೆಂಚಿನಲ್ಲಿ ವಾಲಿದ್ದ ಗಂಗೋತ್ರಿಯ ತಲೆ ಕಂಡಿತು. “ನೋಡ್ರಿ, ಈಗ ಗಂಗೋತ್ರಿ ಮಾಡಾಕ ಹತ್ಯಾಳಲ್ಲ, ಅದು.”

ತರಗತಿ ನಕ್ಕಿತು. ಗಂಗೋತ್ರಿ ನಾಚಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಶಾಂಭವಿ ಹತ್ತಿರ ಹೋಗಿ ಗದ್ದ ಹಿಡಿದೆತ್ತಿದಳು. ಹುಡುಗಿ ಹುಬ್ಬು ಮೇಲೇರಿಸಿ, ಹಣೆ ನೆರಿಗೆಗಟ್ಟಿಸಿ ಕಣ್ಣು ತೆರೆಯಲು ಹೆಣಗುತ್ತಿದ್ದಳು. ರೆಪ್ಪೆಗಳು ಅರ್ಧಕ್ಕಿಂತ ಮೇಲೆ ಏಳಲಿಲ್ಲ.

“ರಾತ್ರಿ ನಿದ್ದಿ ಮಾಡಿಲ್ಲೇನವಾ?”

“ಮಾಡೀನ್ರಿ ಮೇಡಂ.” ಮಾತು ಮೂಗಿನಿಂದ ಬಂತು. “ಬೋರ್ಡ್ ಎರಡೆರಡು ಕಾಣಸ್ತದ್ರಿ.”

ಶಾಂಭವಿ ನೀರು ಕುಡಿಸಿದಳು. ನುಂಗಲಾಗದೆ ಅದು ಬಾಯಿಯ ಎರಡೂ ಬದಿಯಿಂದ ಹರಿದು ಸಮವಸ್ತ್ರ ನೆನೆಸಿತು. ನಗುತ್ತಿದ್ದವರಲ್ಲೊಬ್ಬ ಹೆಡ್ ಮಾಸ್ತರರನ್ನು ಕರೆಯಲು ಓಡಿದ.

ಮುಖ್ಯೋಪಾಧ್ಯಾಯ ಕೊಟ್ರಬಸಪ್ಪ ಬಂದು ನೋಡಿದರು. “ಏನೂ ತಿಂದು ಬಂದಿಲ್ಲ ಅನಸ್ತದ್ರಿ. ಸ್ಟಾಫ್ ರೂಮಿನ್ಯಾಗ ಒಂದು ತಾಸು ಮಲಗಿಸ್ರಿ. ಅಷ್ಟರಾಗ ಅವರವ್ವಗ ಹೇಳಿ ಕಳಸೋಣ.”

“ಅವರವ್ವ ಸಿರುಗುಪ್ಪ ಕಡಿಗಿ ನಾಟಿಗಿ ಹೋಗ್ಯಾಳಂತ ಸರ್, ಬರೋದು ಸಂಜಿಗಿ. ಇದು ನಿದ್ದಿ ಅಲ್ಲ ಸರ್.”

“ಮತ್ತೇನ್ರಿ?”

“ಗೊತ್ತಿಲ್ಲ. ಆದ್ರ ನಿದ್ದಿ ಅಲ್ಲ.”

ಕೊಟ್ರಬಸಪ್ಪ ತಾವೇ ಕಾರಿನ ಕೀಲಿ ತಂದರು.

ಕುರುಗೋಡಿನ ಆಸ್ಪತ್ರೆಯ ಡಾಕ್ಟರು ಹುಡುಗಿಯ ಕಣ್ಣಿಗೆ ಟಾರ್ಚ್ ಬಿಟ್ಟು, ನಿಧಾನವಾಗಿ ಮೂರೇ ಪ್ರಶ್ನೆ ಕೇಳಿದರು. ರಾತ್ರಿ ನೆಲದ ಮೇಲೆ ಮಲಗಿದ್ದೆಯಾ? ಬೆಳಿಗ್ಗೆ ಹೊಟ್ಟೆ ನೋವಿತ್ತಾ? ಏನಾದರೂ ಚುಚ್ಚಿದಂತಾಗಿತ್ತಾ? ಮೊದಲೆರಡಕ್ಕೆ ಅವಳು ಹೌದೆಂದು ತಲೆಯಾಡಿಸಿದಳು. ಮೂರನೆಯದಕ್ಕೆ ಸೊಳ್ಳೆ ಎಂದಳು. ಅಷ್ಟು ಹೇಳುವಷ್ಟರಲ್ಲೇ ದಣಿದಳು.

“ಕಟ್ಟುಹಾವು ಕಡಿದಿರಬೇಕು,” ಡಾಕ್ಟರು ಶಾಂಭವಿಯನ್ನು ಹೊರಗೆ ಕರೆದು ಹೇಳಿದರು. “ಕಡಿದದ್ದು ಗೊತ್ತಾಗೋದಿಲ್ಲ, ಗುರುತೂ ಉಳಿಯೋದಿಲ್ಲ. ವಿಷಕ್ಕ ಔಷಧ ಶುರು ಮಾಡ್ತೀನಿ. ಆದ್ರ ಉಸಿರು ನಿಂತ್ರ ಮಷಿನ್ ಬೇಕು. ಅದು ಬಳ್ಳಾರಿಯಲ್ಲೇ.”

ಆಂಬುಲೆನ್ಸಿನಲ್ಲಿ ಹಂಪೇಶ್ ಎಂಬ ನರ್ಸ್ ಜೊತೆಗಿದ್ದ. ಅರ್ಧ ದಾರಿಯಲ್ಲಿ ಗಂಗೋತ್ರಿಯ ತುಟಿ ನೀಲಿಗಟ್ಟಿತು, ಎದೆ ಏರುವುದು ನಿಂತಿತು. ಹಂಪೇಶ್ ಅವಳ ಮುಖಕ್ಕೆ ಮಾಸ್ಕ್ ಒತ್ತಿ, ಅದಕ್ಕೆ ಸೇರಿದ್ದ ರಬ್ಬರ್ ಚೀಲವನ್ನು ಶಾಂಭವಿಯ ಕೈಗೆ ಕೊಟ್ಟ.

“ನಾ ಮಾಸ್ಕ್ ಬಿಡಂಗಿಲ್ಲ. ನೀವು ಒತ್ರಿ. ಎದಿ ಏರಬೇಕು. ಬಿಡ್ರಿ. ಈಗ ಮತ್ತ ಒತ್ರಿ.”

ಶಾಂಭವಿ ಒತ್ತಿದಳು. ವ್ಯಾನು ಗುಂಡಿಗೆ ಬಿದ್ದಾಗ ಒಮ್ಮೆ ಲೆಕ್ಕ ತಪ್ಪಿತು.

“ಪ್ರಜ್ಞೆ ತಪ್ಪೇತೇನ್ರಿ?”

“ಇಲ್ಲ ಮೇಡಂ, ವಿಷಕ್ಕ ಮೈ ಬಿದ್ದೈತಿ ಅಷ್ಟ. ಕೆಲವರಿಗೆ ಎಲ್ಲಾ ಕೇಳಸ್ತದ. ಮಾತಾಡ್ರಿ.”

ಹೊರಗಿನಿಂದ ನೋಡಿದರೆ ಗಾಢ ನಿದ್ದೆಯಲ್ಲಿರುವ ಮಗು. ಒಳಗೆ ಎಚ್ಚರವಾಗಿ, ಕಿರುಚಲೂ ಆಗದೆ ಇದ್ದಾಳೆಂದು ತಿಳಿದ ಶಾಂಭವಿ ಅವಳ ಕಿವಿಯ ಹತ್ತಿರಕ್ಕೆ ಬಾಗಿದಳು. ಒಂದು ಗಂಟೆಯ ಹಿಂದೆ ಇವಳನ್ನೇ ತೋರಿಸಿ ಎಲ್ಲರನ್ನೂ ನಗಿಸಿದ್ದಳು.

“ಗಂಗೋತ್ರಿ, ನಾ ಇಲ್ಲೇ ಅದೀನಿ. ನಿನ್ನ ಉಸಿರು ನನ್ನ ಕೈಯಾಗ ಐತಿ, ಬಿಡಂಗಿಲ್ಲ. ನಾ ತಪ್ಪು ಮಾತಾಡಿದ್ನೆವಾ. ನೀ ನಿದ್ದಿ ಮಾಡಿರಲಿಲ್ಲ.”

ಬಳ್ಳಾರಿಯ ದೊಡ್ಡಾಸ್ಪತ್ರೆ ಮುಟ್ಟುವ ತನಕ ಅವಳು ಒತ್ತುತ್ತಲೇ ಇದ್ದಳು. ಬಾಗಿಲಲ್ಲಿ ಬೇರೆಯವರು ಚೀಲ ತೆಗೆದುಕೊಂಡ ಮೇಲೂ ಬೆರಳುಗಳು ಮಡಚಿಕೊಂಡೇ ಉಳಿದವು.

ತಾಯಿ ಸರೋಜಾ ಸಂಜೆ ಬಂದಳು, ಕಾಲಿಗೆ ಗದ್ದೆಯ ಕೆಸರು ಹಾಗೇ ಒಣಗಿತ್ತು. ಐಸಿಯುವಿನ ಗಾಜಿನಾಚೆ ಮಗಳನ್ನು ನೋಡಿ, “ಮಲಗ್ಯಾಳೇನ್ರಿ?” ಎಂದಳು. ಶಾಂಭವಿ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿದಳು.

ಮೂರು ದಿನ ಏನೂ ಬದಲಾಗಲಿಲ್ಲ. ನಾಲ್ಕನೇ ಬೆಳಿಗ್ಗೆ ಗಂಗೋತ್ರಿಯ ಹೆಬ್ಬೆರಳು ಅಲುಗಿತು, ಮಧ್ಯಾಹ್ನಕ್ಕೆ ರೆಪ್ಪೆ ಎದ್ದಿತು. ಆರನೇ ದಿನ ಉಸಿರಾಟದ ಕೊಳವೆ ತೆಗೆದರು.

ಆದರೆ ಅವಳು ಮಲಗಲು ಒಪ್ಪಲಿಲ್ಲ. ಎರಡು ದಿನ ದಿಂಬಿಗೆ ಒರಗಿ, ಕಣ್ಣು ಕೆಂಪಗೆ ಬಿಟ್ಟುಕೊಂಡೇ ಕೂತಳು. ಶಾಂಭವಿ ಶಾಲೆ ಮುಗಿಸಿ ಬಂದಾಗ ಸರೋಜಾ ಮಗಳಿಗೆ ತಂದ ಗಂಜಿಯ ಲೋಟ ಹಿಡಿದೇ ಸೋತಿದ್ದಳು.

“ಕಣ್ಣು ಮುಚ್ಚಿದ್ರ ಮತ್ತ ತೆರಿಯಾಕ ಬರಲಿಲ್ಲಂದ್ರ?” ಗಂಗೋತ್ರಿ ಒಡೆದ ದನಿಯಲ್ಲಿ ಕೇಳಿದಳು.

ಶಾಂಭವಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದಳು. “ಮುಚ್ಚಿ ನೋಡು. ಬೇಕಾದಾಗ ತೆರಿ. ನಾ ಕುಂತೀನಿ.”

ಹುಡುಗಿ ಮುಚ್ಚಿದಳು, ತೆರೆದಳು. ಮತ್ತೆ ಮುಚ್ಚಿದಳು. ಎಷ್ಟು ಸಲವೋ. ತೆರೆಯುವ ನಡುವಿನ ಹೊತ್ತು ಉದ್ದವಾಗುತ್ತ ಹೋಯಿತು. ಕೊನೆಗೆ ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಹೊಡೆದಳು.

ಸರೋಜಾ ಗಾಬರಿಯಿಂದ ಎದ್ದು ಮಗಳ ಮೂಗಿನ ಬಳಿ ಬೆರಳು ಹಿಡಿದಳು. ಬಿಸಿಯುಸಿರು ತಾಕಿತು. ಅವಳು ಶಾಂಭವಿಯ ಕಡೆ ತಿರುಗಿ, “ಗಂಜಿ ತಣ್ಣಗಾಗ್ತದ್ರಿ ಟೀಚರ್, ನೀವರ ಕುಡೀರಿ,” ಎಂದು ಲೋಟ ಮುಂದೆ ಮಾಡಿದಳು.